ಗಾಳಿಯಂತ್ರ ಎಲ್ಲಿ ನಿಲ್ಲಬೇಕು: ಊರಿನವರ ಜೊತೆ ಕೂತು ಗುರುತು ಹಾಕಿದ ಅನುಭವ

ಗಾಳಿ ವಿದ್ಯುತ್ ಯೋಜನೆಗೆ ಹಳ್ಳಿಯಲ್ಲಿ ವಿರೋಧ ಎದ್ದಾಗ ಅದು ಸಾಮಾನ್ಯವಾಗಿ ಯಂತ್ರಕ್ಕೆ ಜಾಗ ಕೊಟ್ಟವರಿಂದ ಬರುವುದಿಲ್ಲ. ಅವರಿಗೆ ವರ್ಷ ವರ್ಷ ಗುತ್ತಿಗೆ ಹಣ ಸಿಗುತ್ತದೆ. ಬರುವುದು ಬದುವಿನ ಆಚೆಯವರಿಂದ. ಅವರ ಜಮೀನಿನಲ್ಲಿ ಯಂತ್ರವಿಲ್ಲ, ಕೈಗೆ ಹಣವಿಲ್ಲ, ಆದರೆ ಸದ್ದು ಮತ್ತು ನೆರಳು ಎರಡೂ ಅವರ ಅಂಗಳಕ್ಕೇ ಬಂದು ಬೀಳುತ್ತವೆ. ಊರು ಮತ್ತು ಎಂಜಿನಿಯರುಗಳ ನಡುವೆ ಓಡಾಡುವುದು ನನ್ನ ಕೆಲಸ. ಈ ಯೋಜನೆ ಕೈಗೆ ಬಂದಾಗ ಬದುವಿನ ಆಚೆಯವರನ್ನು ಮೊದಲು ಮಾತಾಡಿಸುವುದು, ಜಮೀನು ಕೊಡುವವರ ಹತ್ತಿರ ಆಮೇಲೆ ಹೋಗುವುದು ಎಂದು ತೀರ್ಮಾನಿಸಿದೆ. ತಂಡದಲ್ಲಿ ಕೆಲವರಿಗೆ ಇದು ಸುತ್ತು ದಾರಿ ಅನ್ನಿಸಿತ್ತು. ನನಗೆ ಹಾಗನ್ನಿಸಲಿಲ್ಲ.

ಗಾಳಿ ಅಳೆಯುವ ಕಂಬ ನೆಡುವುದಕ್ಕೂ ಮುಂಚೆ ಊರವರನ್ನು ಸೇರಿಸಿದೆವು. ಯಾರಿಗೂ ಹೇಳದೆ ಗುಡ್ಡದ ಮೇಲೆ ಒಂದು ಉದ್ದನೆಯ ಕಂಬ ಎದ್ದರೆ ಗುಸುಗುಸು ಅವತ್ತೇ ಶುರುವಾಗುತ್ತದೆ, ಆಮೇಲೆ ಹೇಳುವ ಯಾವ ಸತ್ಯವೂ ಅದರ ಹಿಂದೆ ಹಿಂದೆಯೇ ಓಡಬೇಕು. 'ಇಲ್ಲಿ ಗಾಳಿ ಇದೆ ಅಂತ ಹುಟ್ಟಿದಾಗಿನಿಂದ ನಮಗೆ ಗೊತ್ತು, ಅದನ್ನ ವರ್ಷಗಟ್ಟಲೆ ಅಳೆಯೋದು ಯಾಕೆ?' ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗೂ 7 ಮೀಟರ್ ಬೀಸುವ ಗಾಳಿಗೂ ಮೈಗೆ ತಿಳಿಯುವ ವ್ಯತ್ಯಾಸ ಅಷ್ಟೇನಿಲ್ಲ, ಆದರೆ ಎರಡನೆಯದರಲ್ಲಿ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಎಲ್ಲ ಕಾಲದ ಗಾಳಿಯನ್ನೂ, ಅಂದರೆ ಕಡಿಮೆಯೆಂದರೂ ಒಂದು ಪೂರ್ತಿ ವರ್ಷ, ಅಳೆಯದೆ ಲೆಕ್ಕ ಹಾಕಿದರೆ ಅದು ಲೆಕ್ಕವೇ ಅಲ್ಲ. ಪ್ರತಿ ತಿಂಗಳ ಸರಾಸರಿ ವೇಗವನ್ನು ಶಾಲೆಯ ಗೋಡೆಯ ಮೇಲೆ ಬರೆಸುತ್ತಾ ಹೋದೆವು. ಗಾಳಿ ಬಿದ್ದುಹೋದ ತಿಂಗಳ ಅಂಕಿಯೂ ಅಲ್ಲೇ ಇತ್ತು. ಯಂತ್ರ ಯಾವಾಗಲೂ ತಿರುಗುವುದಿಲ್ಲ ಎನ್ನುವುದನ್ನು ಜನ ನಮ್ಮ ಬಾಯಿಂದ ಕೇಳುವ ಬದಲು ಆ ಗೋಡೆಯ ಮೇಲೇ ಓದಿದರು.

ನಕ್ಷೆ ಹಿಡಿದು ಕೂತ ದಿನಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಂತ್ರಗಳ ಗುರುತು ಒಂದೂ ಇಲ್ಲದ ಖಾಲಿ ನಕ್ಷೆಯನ್ನು ನೆಲದ ಮೇಲೆ ಹಾಸಿದೆವು. ಮನೆ, ಬಾವಿ, ಸ್ಮಶಾನ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ, ದನ ಮೇಕೆ ಹೋಗುವ ದಾರಿ ಎಲ್ಲವನ್ನೂ ಮೊದಲು ಅವರೇ ಬರೆಯಲಿ ಎಂದೆವು. ಬೆಳಿಗ್ಗೆಯೆಲ್ಲ ಗಂಡಸರದೇ ಮಾತು. ಮಧ್ಯಾಹ್ನದ ಮೇಲೆ ಮೇಕೆ ಕಾಯುವ ಅಜ್ಜಿಯೊಬ್ಬರು ನಕ್ಷೆಯ ಪಕ್ಕ ಕೂತು, ಗುಡ್ಡದ ಸಾಲು ಮುಗಿಯುವ ಅಂಚಿನ ಮೇಲೆ ಬೆರಳಿಟ್ಟು, 'ಇಲ್ಲಿ ಬಿಸಿಲೇರಿದ ಮೇಲೆ ಹದ್ದುಗಳು ರೆಕ್ಕೆ ಬಡಿಯದೇ ನಿಂತಿರ್ತಾವೆ ನೋಡಪ್ಪ' ಅಂದರು. ನಮ್ಮ ಎಂಜಿನಿಯರ್ ಅತಿ ಹೆಚ್ಚು ಆಸೆ ಇಟ್ಟುಕೊಂಡಿದ್ದ ಜಾಗ ಅದೇ. ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮುವ ಕಡೆ ಹದ್ದಿಗೂ ಅನುಕೂಲ, ಯಂತ್ರಕ್ಕೂ ಅನುಕೂಲ. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಪಾಸ್‌ನಲ್ಲಿ 1980ರ ದಶಕದಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಯಂತ್ರಗಳ ರೆಕ್ಕೆಗೆ ಸಿಕ್ಕಿ ಚಿನ್ನದ ಗರುಡಗಳು ಸಾಯುತ್ತಾ ಬಂದ ಕಥೆ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಕೊನೆಗೆ ಹಳೆಯ ಯಂತ್ರಗಳನ್ನು ಕಿತ್ತು, ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ಜಾಗ ನೋಡಿ ನೆಡಬೇಕಾಯಿತು. ನಮ್ಮ ಪಕ್ಷಿತಜ್ಞರು ಅಜ್ಜಿ ತೋರಿಸಿದ ಅಂಚಿನಲ್ಲಿ ಹಲವು ತಿಂಗಳು ಕೂತು ನೋಡಿದರು. ಅವರ ಟಿಪ್ಪಣಿಯೂ ಅಜ್ಜಿಯ ಬೆರಳೂ ಒಂದೇ ಕಡೆ ಬಂದು ನಿಂತವು. ಅಲ್ಲಿನ ಎರಡು ಜಾಗ ಕೈಬಿಟ್ಟೆವು.

ಜಾಗ ಬಿಡುವುದು ಅಗ್ಗದ ಮಾತಲ್ಲ. ಗಾಳಿಗೆ ಎದುರಾಗಿ ಮುಂದೆ ನಿಂತ ಯಂತ್ರ ಅದರ ಹಿಂದೆ ನಿಂತದ್ದರ ಗಾಳಿ ಕದಿಯುತ್ತದೆ, ಅದಕ್ಕೇ ಗಾಳಿ ಬೀಸುವ ದಿಕ್ಕಿನಲ್ಲಿ ಎರಡರ ನಡುವೆ ರೆಕ್ಕೆಗಳು ತಿರುಗುವ ವೃತ್ತದ ವ್ಯಾಸದ ಐದು ಪಟ್ಟಾದರೂ ಅಂತರ ಬೇಕು. ಒಂದನ್ನು ಸರಿಸಿದರೆ ಉಳಿದವೆಲ್ಲದರ ಲೆಕ್ಕ ಮತ್ತೆ ಮಾಡಬೇಕು. ಆದರೂ ಇದು ನೆಡುವ ಮೊದಲು ಕಾಗದದ ಮೇಲೆ ಆಗುವ ಕೆಲಸ. ಕೋಪನ್‌ಹೇಗನ್ ತೀರದ ಆಚೆ ಸಮುದ್ರದಲ್ಲಿರುವ ಮಿಡಲ್‌ಗ್ರುಂಡನ್ ಯೋಜನೆಯಲ್ಲಿ ಮೊದಲು ಮೂರು ಸಾಲಿನಲ್ಲಿ 27 ಯಂತ್ರ ಎಂದಿತ್ತು. ಜನರ ಅಹವಾಲು ಕೇಳಿದ ಮೇಲೆ ಬಿಲ್ಲಿನಂತೆ ಬಾಗಿದ ಒಂದೇ ಸಾಲಿನಲ್ಲಿ 20 ಯಂತ್ರ ಎಂದಾಯಿತು. 2000ದಲ್ಲಿ ಅದು ಹಾಗೇ ನಿಂತಿತು, ಅರ್ಧ ಪಾಲು ಜನರ ಸಹಕಾರ ಸಂಘದ್ದು. ನಮ್ಮ ಸಭೆಗಳಲ್ಲಿ ಇದನ್ನು ಹೇಳಿದಾಗ, ನಕ್ಷೆ ಬದಲಾಗಬಹುದು ಎಂಬ ನಂಬಿಕೆ ಜನರಿಗೆ ಬಂತು.

ಸದ್ದಿನ ವಿಷಯದಲ್ಲಿ ನಾನು ಒಂದು ಹಟ ಹಿಡಿದಿದ್ದೆ. ಊರವರನ್ನು ಈಗಾಗಲೇ ನಡೆಯುತ್ತಿರುವ ಯಂತ್ರಗಳ ಹತ್ತಿರ ಹಗಲು ಕರೆದುಕೊಂಡು ಹೋಗುವುದು ಬೇಡ, ರಾತ್ರಿ ಹೋಗೋಣ ಎಂದು. ಹಗಲು ವಾಹನ, ಪಂಪು, ಹಕ್ಕಿ, ಮಾತು ಎಲ್ಲ ಸೇರಿ ಯಂತ್ರದ ಸದ್ದನ್ನು ಮುಚ್ಚಿಬಿಡುತ್ತವೆ. ರಾತ್ರಿ ನೆಲದ ಮಟ್ಟದಲ್ಲಿ ಗಾಳಿ ತಣ್ಣಗಾದರೂ ಮೇಲೆ ಬೀಸುತ್ತಲೇ ಇರುತ್ತದೆ, ಆಗ ರೆಕ್ಕೆಯ 'ಸುಂಯ್ ಸುಂಯ್' ಬಿಡಿಸಿ ಕೇಳುತ್ತದೆ. ಅಲ್ಲಿ ಒಬ್ಬ ಹೆಣ್ಣುಮಗಳು, 'ಇದನ್ನ ಒಂದು ಸಲ ನಿಲ್ಲಿಸಿ ತೋರಿಸ್ತೀರಾ? ಇಲ್ಲದಿದ್ರೆ ಹೇಗಿರುತ್ತೆ ಅಂತ ಗೊತ್ತಾಗ್ಬೇಕಲ್ಲ' ಅಂದಳು. ಅಲ್ಲಿನವರು ಒಪ್ಪಿ ನಿಲ್ಲಿಸಿದರು. ಆ ಒಂದು ಪ್ರಶ್ನೆಯಿಂದ ಸಿಕ್ಕ ತಿಳಿವಳಿಕೆ ನಮ್ಮ ಯಾವ ಡೆಸಿಬಲ್ ಪಟ್ಟಿಯಿಂದಲೂ ಸಿಗುತ್ತಿರಲಿಲ್ಲ. ಆಮೇಲೆ ಪಟ್ಟಿಯನ್ನೂ ನೋಡಿದೆವು: ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗಾಳಿಯಂತ್ರದ ಸದ್ದಿಗೆ ಹಗಲು, ಸಂಜೆ, ರಾತ್ರಿ ಮೂರನ್ನೂ ಸೇರಿಸಿದ ಸರಾಸರಿ 45 ಡೆಸಿಬಲ್‌ಗಿಂತ ಕೆಳಗಿರಲಿ ಎಂದು ಶಿಫಾರಸು ಮಾಡಿದೆ, ಆಧಾರ ಅಷ್ಟು ಗಟ್ಟಿಯಿಲ್ಲದ್ದರಿಂದ ಅದನ್ನು 'ಷರತ್ತಿನ ಶಿಫಾರಸು' ಎಂದೇ ಕರೆದಿದೆ. ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸದ್ದೇ ಬರುವುದಿಲ್ಲ ಎಂದು ನಾವು ಯಾರಿಗೂ ಹೇಳಲಿಲ್ಲ.

ನೆರಳನ್ನು ಮಾತ್ರ ನಿಮಿಷದ ಲೆಕ್ಕದಲ್ಲಿ ಮೊದಲೇ ಹೇಳಬಹುದು. ಸೂರ್ಯ ಕೆಳಗಿರುವ ಬೆಳಿಗ್ಗೆ ಸಂಜೆ, ತಿರುಗುವ ರೆಕ್ಕೆಯ ನೆರಳು ಕಿಟಕಿಯ ಮೇಲೆ ಮಿಣುಕುತ್ತಾ ಹಾಯುತ್ತದೆ. ಜರ್ಮನಿಯಲ್ಲಿ ಒಂದು ಮನೆಗೆ ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷ ಎಂಬ ಮಿತಿ ಪಾಲಿಸುತ್ತಾರೆ. ನಾವು ಮನೆ ಮನೆಗೆ ಬೇರೆ ಬೇರೆ ಹಾಳೆ ಮಾಡಿ ಕೊಟ್ಟೆವು, ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಕಿಟಕಿ. ಆ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡುವುದು ಕರಾರಿಗೆ ಸೇರಿತು.

ಅತಿ ಹೆಚ್ಚು ಕಾಲ ಹಿಡಿದದ್ದು ಹಣದ ಮಾತು, ಹಿಡಿಯಬೇಕಾದದ್ದೂ ಹಾಗೆಯೇ. ಡೆನ್ಮಾರ್ಕ್‌ನಲ್ಲಿ 2008ರ ಕಾನೂನು ಹೊಸ ಯೋಜನೆಯ ಕನಿಷ್ಠ ಶೇ. 20ರಷ್ಟು ಪಾಲನ್ನು ಸುತ್ತಲಿನವರಿಗೆ ಮಾರಾಟಕ್ಕೆ ಇಡಬೇಕೆಂದಿತ್ತು, ಅದರಲ್ಲೂ 4.5 ಕಿಲೋಮೀಟರ್ ಒಳಗಿನವರಿಗೆ ಮೊದಲ ಅವಕಾಶ. ಒಳ್ಳೆಯ ಏರ್ಪಾಡೇ, ಆದರೆ ಪಾಲು ಕೊಳ್ಳಲು ಕೈಯಲ್ಲಿ ಹಣವಿರಬೇಕಲ್ಲ. ಕೂಲಿ ಮಾಡುವವರು, ಬಾಡಿಗೆ ಮನೆಯವರು ಏನು ಕೊಂಡಾರು? ನಾವು ಬೇರೆ ದಾರಿ ಹಿಡಿದೆವು. ಜಮೀನಿನವರ ಗುತ್ತಿಗೆಯನ್ನು ಸ್ವಲ್ಪ ತಗ್ಗಿಸಿ, ಕಂಪನಿಯ ಆದಾಯದಿಂದಲೂ ಒಂದು ಭಾಗ ತೆಗೆದು, ಪ್ರತಿ ವರ್ಷ ಮನೆಗಳಿಗೆ ಹಂಚುವುದು. ಯಂತ್ರಕ್ಕೆ ಹತ್ತಿರವಾದಷ್ಟೂ ಹೆಚ್ಚು. ಪಾಲು ಅಲ್ಲಿ ವಾಸವಿರುವವರಿಗೆ, ಪತ್ರ ಯಾರ ಹೆಸರಿನಲ್ಲಿದ್ದರೂ ಸರಿ. ಜಮೀನಿನವರು ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದ್ದು ಅವರ ಹೆಂಗಸರೇ: ನಾಳೆಯೂ ಇದೇ ನೆರೆಯವರ ಜೊತೆ ನೀರು, ದಾರಿ ಹಂಚಿಕೊಳ್ಳಬೇಕಲ್ಲ ಎಂಬುದು ಅವರ ವಾದ. ಹಣ ಪಡೆಯಲು ಒಪ್ಪಿಗೆ ಸಹಿ ಬೇಡ ಎಂಬುದನ್ನು ನಾನು ಪಟ್ಟು ಹಿಡಿದು ಬರೆಸಿದೆ. ಆಕ್ಷೇಪಿಸುವ ಮನೆಗೂ ಅಷ್ಟೇ ಪಾಲು. ಇಲ್ಲದಿದ್ದರೆ ಅದು ಬಾಯಿ ಮುಚ್ಚಿಸುವ ಹಣವಾಗುತ್ತದೆ, ಜನ ಅದನ್ನು ಹಾಗೇ ಕರೆಯುತ್ತಾರೆ.

ರಸ್ತೆ ಅಗಲ, ಕ್ರೇನ್ ನಿಲ್ಲುವ ಜಾಗ, ಸಬ್‌ಸ್ಟೇಷನ್‌ಗೆ ಲೈನು, ಇವುಗಳಲ್ಲಿ ಹೆಚ್ಚು ಜಗ್ಗಾಟವಾಗಲಿಲ್ಲ. ಯಂತ್ರದ ಆಯುಷ್ಯ 20–25 ವರ್ಷ, ಆಮೇಲೆ ಕಳಚಿ ಒಯ್ಯುವ ಖರ್ಚನ್ನು ಈಗಲೇ ಠೇವಣಿ ಇಡಿ ಎಂದು ಕೇಳಿದವರು ಬದುವಿನ ಆಚೆಯವರು. ಕಂಪನಿ ಎಷ್ಟೋ ವಾದಿಸಿ ಆಮೇಲೆ ಒಪ್ಪಿತು.

ಯೋಜನೆ ಈಗ ಅನುಮತಿಯ ಹಂತದಲ್ಲಿದೆ. ಗುಡ್ಡದ ತಪ್ಪಲಿನ ಒಂದು ಕುಟುಂಬ ಇವತ್ತಿಗೂ ಬೇಡ ಎನ್ನುತ್ತದೆ. ಅವರ ಮನೆಗೆ ಹತ್ತಿರದ ಯಂತ್ರವನ್ನು ದೂರ ಸರಿಸಿದ ಮೇಲೂ ಅವರ ಮನಸ್ಸು ಬದಲಾಗಲಿಲ್ಲ, ತಮ್ಮ ಗುಡ್ಡ ಇದ್ದಂತೆಯೇ ಇರಲಿ ಎಂಬುದು ಅವರ ಆಸೆ. ಅದಕ್ಕೆ ಉತ್ತರವಾಗಿ ಕೊಡಲು ನನ್ನ ಹತ್ತಿರ ಯಾವ ಅಂಕಿಯೂ ಇಲ್ಲ. ದೂರು ಸಮಿತಿಯಲ್ಲಿ ಅವರ ಮಗ ಇದ್ದಾನೆ, ಸದ್ದಿನ ಅಳತೆ ತೆಗೆಯುವಾಗ ಮೀಟರ್ ಹಿಡಿಯುವವನೂ ಅವನೇ. ಅನುಮತಿಯ ಅರ್ಜಿಯ ಜೊತೆ ಆ ಕುಟುಂಬದ ಆಕ್ಷೇಪವನ್ನು ಒಂದು ಪದವನ್ನೂ ತಿದ್ದದೆ, ಅವರದೇ ಮಾತಿನಲ್ಲಿ ಲಗತ್ತಿಸಿ ಕಳಿಸಿದ್ದೇವೆ.