‘ಅಪ್ಪ ಬಿಡಲಿಲ್ಲ’ ಅನ್ನುವುದನ್ನು ಇಂಗ್ಲಿಷಿಗೆ ದಾಟಿಸಿದ ಬಗೆ

ಕನ್ನಡ ಮಾಧ್ಯಮದವರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರೆಲ್ಲ ಈ ವಾಕ್ಯ ಕೇಳಿಯೇ ಇರುತ್ತೀರಿ: ‘ಮೈ ಫಾದರ್ ಡಿಡ್ ನಾಟ್ ಲೀವ್ ಮಿ.’ ಹೇಳಹೊರಟದ್ದು ‘ಅಪ್ಪ ಹೋಗೋಕೆ ಬಿಡಲಿಲ್ಲ’ ಎಂದು, ಕೇಳಿಸುವುದು ‘ಅಪ್ಪ ನನ್ನನ್ನು ತೊರೆಯಲಿಲ್ಲ’ ಎಂದು. ನಮ್ಮ ‘ಬಿಡು’ ಒಂದರಲ್ಲೇ ಲೀವ್, ಲೆಟ್, ಡ್ರಾಪ್ ಮೂರೂ ಅಡಗಿವೆ. ಹಾಗಾಗಿ ಪಾಠ ‘ಬಿಡು’ವಿನಿಂದಲೇ ಶುರುವಾಗಬೇಕು ಅಂದೆ. ಕ್ಲಾಸಲ್ಲಿ ಕನ್ನಡ ಆಡಿದರೆ ಇಂಗ್ಲಿಷ್ ಬರಲ್ಲ ಎಂದು ಜೊತೆಯ ಮೇಷ್ಟ್ರುಗಳು ತಲೆ ಕೊಡವಿದರು. ಬಂತು.

ಮೊದಲ ಎರಡು ಬ್ಯಾಚ್ ಮಾತ್ರ ಕೈಕೊಟ್ಟವು. ಲೆಟ್, ಅಲೌ, ಪರ್ಮಿಟ್ ಮೂರಕ್ಕೂ ‘ಅನುಮತಿಸು’ ಎಂದು ಕಾರ್ಡು ಬರೆಸಿ, ಲ್ಯಾಮಿನೇಷನ್ ಸೇರಿ ಸುಮಾರು 3,500 ರೂಪಾಯಿ ಸುರಿದೆ. ದಂಡ. ಮನೆಯಲ್ಲಿ ಯಾರೂ ‘ಅನುಮತಿಸು’ ಅನ್ನುವುದಿಲ್ಲ.

ಆಮೇಲೆ ಅರ್ಥ ಬರೆಸುವುದು ನಿಲ್ಲಿಸಿ, ಮಾತು ಯಾರದ್ದು ಎಂದು ಕೇಳತೊಡಗಿದೆ. ಹಾಸ್ಟೆಲ್ ಗೇಟು ದಾಟುವ ಒಂದೇ ಸಂಗತಿ. ಅಮ್ಮನೋ ಗೆಳತಿಯೋ ಆದರೆ ಲೆಟ್, ವಾರ್ಡನ್ ಆದರೆ ಅಲೌ, ಗೋಡೆಗೆ ಅಂಟಿಸಿದ ನಿಯಮವಾದರೆ ಪರ್ಮಿಟ್. ಪ್ರತಿಯೊಬ್ಬರೂ ಮೂರು ಪಾತ್ರದಲ್ಲೂ ಹೇಳಬೇಕು. 20 ನಿಮಿಷ ಸಾಕು. ‘ಟು’ ಆಮೇಲೆ: ‘ಲೆಟ್ ಮಿ ಗೋ’ದಲ್ಲಿ ಬರಕೂಡದು, ‘ಅಲೌ ಮಿ ಟು ಗೋ’ದಲ್ಲಿ ಬೇಕೇ ಬೇಕು, ಪರ್ಮಿಟ್‌ಗೂ ಹಾಗೇ.

ಎಡವುವುದು ಕರ್ಮಣಿಯಲ್ಲಿ. ‘ಐ ವಾಸ್ ಅಲೌಡ್ ಟು ಗೋ’ ಕಲಿತವರು ‘ಐ ವಾಸ್ ಲೆಟ್ ಟು ಗೋ’ ಎಂದು ಬರೆದೇ ಬರೆಯುತ್ತಾರೆ. ‘ಟು’ ಕಿತ್ತರೆ ಇನ್ನೂ ಅಪಾಯ: ಉದ್ಯೋಗದ ಮಾತಿನಲ್ಲಿ ‘ಐ ವಾಸ್ ಲೆಟ್ ಗೋ’ ಎಂದರೆ ಕೆಲಸದಿಂದ ತೆಗೆದರು ಎಂದೇ ಅರ್ಥ. ಇಂಟರ್‌ವ್ಯೂಗೆ ಹೊರಟವರಿಗೆ ಇದನ್ನು ಬಿಡಿಸಿ ಹೇಳಿ. ಪರ್ಮಿಟ್‌ನ ಉಚ್ಚಾರವನ್ನೂ ತಿದ್ದಿ: ಆಟೋ ಪರ್ಮಿಟ್ ಅನ್ನುವಾಗ ಒತ್ತು ‘ಪರ್’ ಮೇಲೆ, ಕ್ರಿಯಾಪದವಾದರೆ ‘ಮಿಟ್’ ಮೇಲೆ.

ನಡುವೆ ‘ಮೇ’ ಹಿಡಿದು ಒಂದು ವಾರ ಆಡಿದ್ದೆ. ‘ಅವನು ಹೋಗಬಹುದು’ ಎಂಬುದು ಅಪ್ಪಣೆಯೂ ಹೌದು, ಊಹೆಯೂ ಹೌದು. ‘ಹಿ ಮೇ ಗೋ’ ಕೂಡ ಥೇಟ್ ಹಾಗೇ. ಅಲ್ಲಿ ಕಲಿಸುವುದೇನೂ ಇಲ್ಲ. ‘ನಾಟ್’ ಸೇರಿದಾಗ ದಾರಿ ಕವಲೊಡೆಯುತ್ತದೆ: ‘ಹೋಗುವಂತಿಲ್ಲ’, ‘ಹೋಗದೇ ಇರಬಹುದು’ ಎಂದು ನಮ್ಮಲ್ಲಿ ಎರಡು, ಅವರಲ್ಲಿ ‘ಮೇ ನಾಟ್ ಗೋ’ ಒಂದೇ. ತಡೆಯುವುದಿದ್ದರೆ ‘ಈಸ್ ನಾಟ್ ಅಲೌಡ್ ಟು ಗೋ’ ಅನ್ನಿಸಿ, ಗೊಂದಲವಿರದು.

ಹೋದ ಬ್ಯಾಚಿನ 30 ಜನರಲ್ಲಿ 25ರಷ್ಟು ಮಂದಿಯ ಬಾಯಲ್ಲಿ ಆ ‘ಲೀವ್ ಮಿ’ ಮತ್ತೆ ಬರಲಿಲ್ಲ. ನಾನು ಕಂಡಂತೆ ಈ ಊರಲ್ಲಿ ಇಷ್ಟು ಬೇಗ ಬೇರೆ ಯಾರೂ ಬಿಡಿಸಿಲ್ಲ. ‘ಸ್ಯಾಂಕ್ಷನ್’ಗೆ ಬೇರೆಯೇ ಒಂದು ಉಪಾಯವಿದೆ, ರಜೆಗೆ ಅದು ಮಂಜೂರಾತಿ, ದೇಶದ ಮೇಲೆ ಹೇರಿದರೆ ನಿರ್ಬಂಧ. ಆ ಉಪಾಯ ಸದ್ಯಕ್ಕೆ ನನ್ನ ಕ್ಲಾಸಿಗೇ ಇರಲಿ.