ಸಮುದ್ರ ನೋಡಿ ಮನೆ ಹಿಡಿಯಬೇಡಿ

ನಿವೃತ್ತಿಯ ನಂತರ ನಾನು ಮತ್ತು ನನ್ನ ಹೆಂಡತಿ ಧಾರವಾಡದ ಮಾಳಮಡ್ಡಿ ಬಿಟ್ಟು ಕುಮಟಾ ತಾಲೂಕಿನ ಒಂದು ಸಣ್ಣ ಊರಿಗೆ ಬಂದು ಕೆಲವು ಮಳೆಗಾಲಗಳು ಕಳೆದವು. ಅಘನಾಶಿನಿ ಹೊಳೆ ಕಡಲು ಸೇರುವ ಆಸುಪಾಸಿನ ಊರು. ಇಬ್ಬರೂ ಹೈಸ್ಕೂಲಿನಲ್ಲಿ ಕಲಿಸಿದವರು, ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹುಬ್ಬಳ್ಳಿ-ಧಾರವಾಡದಿಂದ ಫೋನ್ ಮಾಡುವ ಗೆಳೆಯರ ಮೊದಲ ಪ್ರಶ್ನೆ ಎಂದಿಗೂ ಒಂದೇ: "ಮನೆಯಿಂದ ಸಮುದ್ರ ಕಾಣುತ್ತದೇನು?" ಕಾಣುವುದಿಲ್ಲ. ಸಮುದ್ರ ಕಾಣುವ ಮನೆಗೆ ಸಮುದ್ರದ ಗಾಳಿಯೂ ನೇರವಾಗಿ ಬಡಿಯುತ್ತದೆ. ಕಬ್ಬಿಣದ ಬೀಗ, ಕಿಟಕಿಯ ಸರಳು, ಟಿವಿಯ ಒಡಲು ಎಲ್ಲಕ್ಕೂ ಅದು ಲೆಕ್ಕ ಕೇಳುತ್ತದೆ.

ಡಿಸೆಂಬರ್ ರಜೆಗೆ ಗೋಕರ್ಣಕ್ಕೆ ಬಂದು, ಮರುಳಾಗಿ, ಜಾಗ ಎಲ್ಲಿದೆ ಎಂದು ವಿಚಾರಿಸುವವರು ಬಹಳ. ಡಿಸೆಂಬರಿನಲ್ಲಿ ಇಲ್ಲಿ ಯಾವ ಮನೆಯೂ ಚೆನ್ನಾಗಿಯೇ ಇರುತ್ತದೆ. ಮೇ ತಿಂಗಳ ಕೊನೆಗೆ ಬಂದು ಬಾವಿ ನೋಡಿ, ಜುಲೈನಲ್ಲಿ ಬಂದು ಮಾಡು, ಅಂದರೆ ಮನೆಯ ಚಾವಣಿ, ನೋಡಿ ಎಂದು ನಾನು ಅವರಿಗೆ ಹೇಳುತ್ತೇನೆ. ನಾವು ಮೊದಲ ಮಳೆಗಾಲವನ್ನು ಬಾಡಿಗೆ ಮನೆಯಲ್ಲೇ ಕಳೆದೆವು. ಯಾವ ಕೇರಿಯ ದಾರಿ ಮುಳುಗುತ್ತದೆ, ಯಾರ ಮನೆಯ ಗೋಡೆ ಬೆವರುತ್ತದೆ, ಅಮಾವಾಸ್ಯೆ-ಹುಣ್ಣಿಮೆಗೆ ಯಾರ ಅಂಗಳದವರೆಗೆ ಹೊಳೆ ನೀರು ಏರುತ್ತದೆ ಎಂಬುದೆಲ್ಲ ಆ ಬಾಡಿಗೆಯ ದುಡ್ಡಿಗೆ ಸಿಕ್ಕ ವಿದ್ಯೆ. ದಲಾಲಿ ಇದನ್ನು ಹೇಳುವುದಿಲ್ಲ.

ಧಾರವಾಡದವರಿಗೆ ನೀರು ಎಂದರೆ ಮಲಪ್ರಭೆಯಿಂದ ನಳಕ್ಕೆ ಬರುವುದು. ಬಿಟ್ಟ ದಿನ ಹಿಡಿದಿಡುವುದು, ಬಿಡದ ದಿನ ಅಳೆದು ಬಳಸುವುದು, ಸಾಲದಿದ್ದರೆ ಕೊಳವೆಬಾವಿ ಕೊರೆಸುವುದು. ಕಡಲ ಬದಿಯ ಮರಳು ನೆಲದಲ್ಲಿ ಈ ಬುದ್ಧಿ ನಡೆಯುವುದಿಲ್ಲ. ಇಲ್ಲಿ ನೆಲದೊಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆಗಾಲದಲ್ಲಿ ಮೇಲಿನ ಸಿಹಿಪದರ ದಪ್ಪವಾಗುತ್ತದೆ, ಏಪ್ರಿಲ್-ಮೇ ಹೊತ್ತಿಗೆ ತೆಳುವಾಗುತ್ತದೆ. ಆಗ ದೊಡ್ಡ ಮೋಟರು ಹಾಕಿ ಜಗ್ಗಿದರೆ ಮೇಲಿನ ಸಿಹಿ ಮುಗಿದು ಅಡಿಯ ಉಪ್ಪು ಮೇಲೇರುತ್ತದೆ. ಏರಿದ್ದು ಮುಂದಿನ ಮಳೆ ಬಂದು ತೊಳೆಯುವವರೆಗೂ ಸುಲಭಕ್ಕೆ ಇಳಿಯುವುದಿಲ್ಲ. ಕೊಳವೆಬಾವಿಯನ್ನು ಆಳಕ್ಕೆ ಇಳಿಸಿದಷ್ಟೂ ಉಪ್ಪಿಗೆ ಹತ್ತಿರವಾಗುತ್ತೀರಿ. ಪಕ್ಕದವರ ಬಾವಿಯನ್ನೂ ಕೆಡಿಸಿದ ಅಪಕೀರ್ತಿ ಬೇರೆ.

ಆದ್ದರಿಂದ ಮನೆ ನೋಡಲು ಹೋದಾಗೆಲ್ಲ ನನ್ನ ಹೆಂಡತಿ ಚೀಲದಲ್ಲಿ ಒಂದು ಹಿಡಿ ತೊಗರಿಬೇಳೆ ಒಯ್ಯುತ್ತಿದ್ದಳು. ಆ ಮನೆಯ ಬಾವಿ ನೀರನ್ನು ಬಾಟಲಿಯಲ್ಲಿ ತಂದು, ಕುಕ್ಕರಿನಲ್ಲಲ್ಲ, ಬರೀ ಪಾತ್ರೆಯಲ್ಲಿ ಬೇಯಿಸಿ ನೋಡುವುದು. ಗಡಸು ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ನಿಲ್ಲುತ್ತದೆ. ಜೊತೆಗೆ ಸಾಬೂನು ಉಜ್ಜಿ ನೊರೆ ನೋಡುವುದು, ಒಂದು ಗುಟುಕು ಕುಡಿದು ನೋಡುವುದು. ಚೆಂದದ ಜಗಲಿಯಿದ್ದ ಒಂದು ಮನೆಯನ್ನು ಬೇಳೆ ಬೇಯಲಿಲ್ಲವೆಂದು ಬಿಟ್ಟೆವು; ಮನೆಯ ಯಜಮಾನರಿಗೆ ಇಂದಿಗೂ ನಮ್ಮ ಮೇಲೆ ಸಿಟ್ಟಿದೆ. ಈಗಿರುವ ಮನೆಯ ಬಾವಿಗೆ ಅರ್ಧ ಅಶ್ವಶಕ್ತಿಯ ಸಣ್ಣ ಮೋಟರು ಇದೆ. ಬೇಸಿಗೆಯಲ್ಲಿ ಅದಕ್ಕೂ ರಜೆ ಕೊಟ್ಟು ಹಗ್ಗ-ಕೊಡಪಾನದಿಂದಲೇ ಸೇದುತ್ತೇವೆ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಉತ್ತರ ಕನ್ನಡದಲ್ಲಿ ಅರಣ್ಯ ಜಮೀನೇ ಹೆಚ್ಚು. ತಲೆಮಾರುಗಳಿಂದ ಜನ ವಾಸವಿದ್ದರೂ ಹಕ್ಕುಪತ್ರವಿಲ್ಲದ ಮನೆಗಳು ಬೇಕಾದಷ್ಟಿವೆ. ಪಹಣಿ, ಪಂಚಾಯಿತಿಯ ಇ-ಸ್ವತ್ತು, ಋಣಭಾರ ಪತ್ರ ಮೂರನ್ನೂ ಒಟ್ಟಿಗೆ ಇಟ್ಟು ನೋಡದೆ ಮುಂಗಡ ಕೊಡಬೇಡಿ. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮ ಕಡಲ ದಂಡೆಗಷ್ಟೇ ಅಲ್ಲ, ಉಬ್ಬರದ ನೀರು ನುಗ್ಗುವ ಹೊಳೆ-ಹಿನ್ನೀರಿನ ದಂಡೆಗೂ ಅನ್ವಯಿಸುತ್ತದೆ. ಹಳೆಯ ಮನೆ ಕೊಂಡು ಅದರ ಪಕ್ಕ ಹೊಸದೊಂದು ಕಟ್ಟುತ್ತೇನೆ ಎಂಬ ಲೆಕ್ಕಾಚಾರ ಅಲ್ಲಿಗೆ ಮುರಿಯಬಹುದು. ನಾವು ಒಬ್ಬ ವಕೀಲರಿಗೆ ತೋರಿಸಿಯೇ ಮುಂದುವರಿದೆವು. ತಕರಾರಾಗಿ ದಾವೆ ಬೆಳೆದರೆ ಕಡತ ಕೊನೆಗೆ ಘಟ್ಟ ಹತ್ತಿ ಧಾರವಾಡದ ಹೈಕೋರ್ಟ್ ಪೀಠಕ್ಕೇ ಬರುತ್ತದೆ. ಅಲ್ಲಿಗೇ ಬರುವುದಾದರೆ ಮಾಳಮಡ್ಡಿಯಲ್ಲೇ ಇರಬಹುದಲ್ಲ.

ಇನ್ನು ಮಾಡು. ಮಂಗಳೂರು ಹಂಚು ಮಾಳಮಡ್ಡಿಯ ಹಳೆಯ ಮನೆಗಳಿಗೂ ಇದೆ, ಇಲ್ಲೂ ಇದೆ. ಮಳೆ ಮಾತ್ರ ಬೇರೆ. ಧಾರವಾಡಕ್ಕೆ ವರ್ಷವಿಡೀ ಬೀಳುವುದು 800 ಮಿಲಿಮೀಟರ್ ಆಸುಪಾಸು. ಇಲ್ಲಿ 3000 ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ಅದೂ ನೆಟ್ಟಗೆ ಬೀಳುವುದಿಲ್ಲ, ಪಡುವಣದಿಂದ ಓರೆಯಾಗಿ ಬಡಿಯುತ್ತದೆ. ಹಂಚು ಒಂದು ಬೆರಳು ಜರುಗಿದರೂ ನೀರು ಒಳಗೆ ಬಂದಂತೆಯೇ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಕೆಲಸದವನನ್ನು ಹಿಡಿಯುವುದು ಧಾರವಾಡದಲ್ಲಿ ಮದುವೆ ಸುಗ್ಗಿಯಲ್ಲಿ ಕಲ್ಯಾಣಮಂಟಪ ಹಿಡಿದಷ್ಟೇ ಕಷ್ಟ. ಒಡೆದ ಹಂಚಿಗೆ ಬದಲಿ ಹಂಚು ಬೇಕು, ಅದು ಸಿಕ್ಕಸಿಕ್ಕದ್ದಾಗುವುದಿಲ್ಲ. ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ನಮ್ಮ ಮನೆಯ ಹಂಚು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಹಾಗಾಗಿ ಸುತ್ತಮುತ್ತ ಹಳೆಯ ಮನೆ ಕೆಡವುತ್ತಾರೆ ಎಂದು ಕೇಳಿದರೆ ಸಾಕು, ನಾನು ಹೋಗಿ ಹಂಚು ಮಗುಚಿ ಹೆಸರು ಓದುತ್ತೇನೆ. ಕೊಟ್ಟಿಗೆಯ ಮೂಲೆಯಲ್ಲಿ ಈಗ ಒಂದು ಒಳ್ಳೆಯ ದಾಸ್ತಾನು ಇದೆ.

ಚಿರೆಕಲ್ಲಿನ ಗೋಡೆಗೆ ಪಡುವಣ ದಿಕ್ಕಿನಲ್ಲಿ ತೆಂಗಿನ ಮಡಲು ನೇಯ್ದ ತಟ್ಟಿ ಕಟ್ಟುತ್ತೇವೆ. ಈಗ ಹೆಚ್ಚಿನವರು ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರೆ. ಅದು ರಾತ್ರಿಯಿಡೀ ಪಟಪಟ ಬಡಿದು ನಿದ್ದೆ ಕೆಡಿಸುತ್ತದೆ. ತಟ್ಟಿಗೆ ಆ ಚಾಳಿಯಿಲ್ಲ. ಅದನ್ನು ನೇಯ್ದು ಕೊಡುವವರು ಬದಿಮನೆಯ ಅಜ್ಜಿ. ಮೇ ತಿಂಗಳಲ್ಲಿ ಏನು ಯಾವಾಗ ಮಾಡಬೇಕು ಎಂಬುದಕ್ಕೆ ನಮ್ಮ ಪಂಚಾಂಗವೂ ಅವರೇ.

"ಮಾಸ್ತರರೇ, ಆಕಾಶ ಕಪ್ಪಾದ ಮೇಲೆ ಕೆಲಸಕ್ಕೆ ಕೈ ಹಚ್ಚಿದರೆ ತಡವಾಯಿತು ಎಂದೇ ಲೆಕ್ಕ," ಎಂದರು ಮೊದಲ ವರ್ಷವೇ. "ಹೆದ್ದಾರಿಯ ಬದಿಗೆ ಈರುಳ್ಳಿ ಜಡೆ ತೂಗಿದ್ದು ಕಂಡ ದಿನವೇ ಮಾಡಿನವನಿಗೆ ಹೇಳಿಬಿಡಿ."

ಕುಮಟೆಯ ಸಿಹಿ ಈರುಳ್ಳಿಯನ್ನು ಎಲೆ ಸಮೇತ ಜಡೆ ಹೆಣೆದು ಹೆದ್ದಾರಿ 66ರ ಬದಿಗೆ ತೂಗುಹಾಕಿ ಮಾರುತ್ತಾರೆ. ಆ ಜಡೆಗಳನ್ನು ಕೊಂಡು ಅಟ್ಟದ ತೊಲೆಗೆ ಕಟ್ಟುವುದರಿಂದ ಮಳೆಗಾಲದ ಸಿದ್ಧತೆ ಶುರು. ಆಮೇಲೆ ಕಟ್ಟಿಗೆ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ. ಊರವರ ಮನೆಗಳಲ್ಲಿ ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಆ ಎರಡು ತಿಂಗಳ ಮೀನು ಬೇಸಿಗೆಯಲ್ಲೇ ಒಣಗಬೇಕು. ನಾವು ಮೀನು ತಿನ್ನುವವರಲ್ಲ. ಏಪ್ರಿಲ್-ಮೇನಲ್ಲಿ ನಮ್ಮ ಕಾಲುದಾರಿಯ ಎರಡೂ ಬದಿಗೆ ಮೀನು ಹರವಿರುತ್ತಾರೆ, ಆ ವಾಸನೆ ದೇವರ ಕೋಣೆಯವರೆಗೂ ಬರುತ್ತದೆ. ಧಾರವಾಡದಿಂದ ಬಂದ ಸಂಬಂಧಿಯೊಬ್ಬರು "ನೀವು ಅವರಿಗೆ ಹೇಳಬಾರದೇ?" ಎಂದರು. ಏನೆಂದು ಹೇಳುವುದು? ಆ ದಾರಿಯಲ್ಲಿ ಅವರ ಅಜ್ಜ-ಮುತ್ತಜ್ಜಂದಿರ ಕಾಲದಿಂದ ಮೀನು ಒಣಗಿದೆ, ಬಂದವರು ನಾವು. ಆ ವಾಸನೆ ಸಹಿಸದವರು ಬೇರೆ ಊರು ನೋಡಿಕೊಳ್ಳುವುದೇ ಮರ್ಯಾದೆ. ನಮಗೆ ಎರಡನೆಯ ಬೇಸಿಗೆಯ ಹೊತ್ತಿಗೆ ಅದು ಮೂಗಿಗೆ ಬಡಿಯುವುದು ನಿಂತಿತು.

ಅಟ್ಟದ ಬಗ್ಗೆ ಇನ್ನೊಂದು ಮಾತು. ಅಡುಗೆಗೆ ಗ್ಯಾಸ್ ಇದ್ದರೂ ಬಚ್ಚಲಿನ ಹಂಡೆಯ ಒಲೆಯನ್ನು ನಾವು ತೆಗೆಸಲಿಲ್ಲ. ಒಲೆಯ ಹೊಗೆ ಏರಿದಲ್ಲಿ ತೊಲೆಗೆ ಹುಳ ಬೀಳುವುದು ಕಡಿಮೆ, ಅಟ್ಟ ಒಣಗಿರುತ್ತದೆ, ಕೆಳಗೆ ಹಗ್ಗ ಕಟ್ಟಿದರೆ ಜುಲೈನಲ್ಲೂ ಬಟ್ಟೆ ಒಣಗುತ್ತದೆ. ನನ್ನ ಪುಸ್ತಕಗಳಿಗೆ ಗೋಡೆಗೆ ತಾಗಿದ ಕಪಾಟಿನಲ್ಲಿ ಬೂಷ್ಟು ಹಿಡಿಯತೊಡಗಿದಾಗ ಅವನ್ನೂ ಮಳೆಗಾಲಕ್ಕೆ ಅಟ್ಟ ಹತ್ತಿಸಿದೆ. ಅಕ್ಟೋಬರಿನಲ್ಲಿ ಇಳಿಸುವಾಗ ಪ್ರತಿ ಪುಟಕ್ಕೂ ಹೊಗೆಯ ಮತ್ತು ಈರುಳ್ಳಿಯ ವಾಸನೆ. ಅಕ್ಷರಗಳು ಉಳಿದಿವೆ, ಅದು ಸಾಕು.

ಊಟದ ವಿಷಯದಲ್ಲಿ ನಾವು ಪೂರ್ತಿ ಬದಲಾಗಲಿಲ್ಲ. ಕುಚ್ಚಲಕ್ಕಿ ಅನ್ನ ಮಧ್ಯಾಹ್ನಕ್ಕೆ ಒಗ್ಗಿತು, ರಾತ್ರಿಗೆ ರೊಟ್ಟಿಯೇ ಬೇಕು. ಜೋಳದ ಹಿಟ್ಟು ಜೂನ್ ದಾಟಿದರೆ ಮುಗ್ಗುತ್ತದೆ. ಧಾರವಾಡದಿಂದ ತಂದ ಕಟಕ ರೊಟ್ಟಿ ಡಬ್ಬಿ ತೆರೆದ ಸಂಜೆಯೇ ಮೆತ್ತಗಾಗಿ ಬಾಗುತ್ತದೆ. ಈಗ ಜೋಳವನ್ನೇ ತಂದು, ಬಿಸಿಲಿಗೆ ಹಾಕಿ, ಸಣ್ಣ ಸಣ್ಣ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತೇವೆ. ಗಿರಣಿಯವನು ಮೊದಲು ಗೊಣಗಿದ. ಅಕ್ಕಿಯ ಕಲ್ಲಿಗೆ ಜೋಳ ಹಾಕಿದರೆ ನಂತರ ಬರುವವರ ಹಿಟ್ಟಿಗೆ ಅದು ಬೆರೆಯುತ್ತದೆ ಎಂದ. ದಿನದ ಕೊನೆಯ ಪಾಳಿ ನಮ್ಮದೆಂದು ಒಪ್ಪಂದವಾಯಿತು.

ಊರಿನೊಳಗೆ ನಮಗೆ ದಾರಿ ತೆರೆದದ್ದು ಬ್ಯಾಡಗಿ ಮೆಣಸಿನಕಾಯಿ. ಧಾರವಾಡದ ಪೇಡೆ ಹಂಚಿದೆವು, ತಿಂದರು, ಚೆನ್ನಾಗಿದೆ ಎಂದರು, ಮುಗಿಯಿತು. ಮೆಣಸಿನ ಮಾತು ಬಂದಾಗ ಮಾತ್ರ ಹೆಂಗಸರೆಲ್ಲ ಹತ್ತಿರ ಸರಿದು ಕುಳಿತರು. ಕರಾವಳಿಯ ಸಾರಿಗೆ ಬಣ್ಣ ಬರುವುದೇ ಹಾವೇರಿ ಜಿಲ್ಲೆಯ ಆ ಮೆಣಸಿನಿಂದ. ಆದರೆ ಅಂಗಡಿಗೆ ಬರುವುದರಲ್ಲಿ ಹಳೆಯದು, ಬೆರಕೆಯದು ಎಷ್ಟೋ. "ಅಕ್ಕೋರೇ, ನಿಮ್ಮ ಕಡೆ ಹೋದಾಗ ನಮಗೂ ತರುತ್ತೀರಾ?" ಎಂದು ಅಜ್ಜಿಯ ಸೊಸೆ ನನ್ನ ಹೆಂಡತಿಯನ್ನು ಕೇಳಿದ್ದೇ ಶುರು. ಈಗ ಮಾರ್ಚ್ ತಿಂಗಳಲ್ಲಿ ಬ್ಯಾಡಗಿಗೆ ಹೋಗಿ ಕೇರಿಗೆಲ್ಲ ಬೇಕಾದಷ್ಟು ತರುವುದು ನಮ್ಮ ಪಾಲಿನ ಕೆಲಸ. ದಪ್ಪನೆಯ ಡಬ್ಬಿ ಮೆಣಸು ಎಷ್ಟು, ಉದ್ದನೆಯ ಕಡ್ಡಿ ಮೆಣಸು ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಲಾಭವಿಲ್ಲ, ನಷ್ಟವಿಲ್ಲ, ತಂದ ದರಕ್ಕೇ ಕೊಡುತ್ತೇವೆ. ಬದಲಿಗೆ ಬರುವುದಕ್ಕೆ ದರ ಕಟ್ಟಲಾಗದು: ಬಸಳೆ, ಎಳನೀರು, ಗಜನಿಯಲ್ಲಿ ಬೆಳೆದ ಕಗ್ಗದ ಅಕ್ಕಿ. ಗಜನಿ ಎಂದರೆ ಉಪ್ಪುನೀರು ನುಗ್ಗುವ ಗದ್ದೆ. ಆ ನೀರನ್ನು ತಡೆದು ನಿಲ್ಲುವ ಭತ್ತ ಕಗ್ಗ. ಮಳೆಗಾಲದ ಒಂದೇ ಬೆಳೆ, ಈಗ ಬೆಳೆಯುವವರೂ ಕಡಿಮೆ. ಆ ಅಕ್ಕಿಯ ಗಂಜಿ ಸಿಕ್ಕ ದಿನ ರೊಟ್ಟಿಯ ನೆನಪಾಗುವುದಿಲ್ಲ ಎಂದು ಧಾರವಾಡದವನಾಗಿ ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಂಕೋಚ.

ವರ್ಷಗಟ್ಟಲೆ ಗಂಟೆ ಹೊಡೆದಂತೆ ಬದುಕಿದವನಿಗೆ ಒಗ್ಗಲು ಹೆಚ್ಚು ಹೊತ್ತು ಹಿಡಿದದ್ದು ಭರತ-ಇಳಿತದ ಲೆಕ್ಕ. ಮನೆಗೆಲಸಕ್ಕೆ ನೆರವಾಗುವ ಹೆಂಗಸಿಗೆ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದೆವು. ಒಂದು ದಿನ ಎಂಟಕ್ಕೆ, ಮರುದಿನ ಒಂಬತ್ತರ ಹತ್ತಿರ, ಆಮೇಲೆ ಮಧ್ಯಾಹ್ನಕ್ಕೆ ಬರುತ್ತಿದ್ದರು. ಹೊಳೆಯ ನೀರು ಇಳಿದಾಗ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸಲು ಹೋಗುತ್ತಾರೆ, ಅದೇ ಅವರ ಮುಖ್ಯ ಸಂಪಾದನೆ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ಅದರ ಜೊತೆಗೆ ಅವರ ದಿನವೂ ಸರಿಯುತ್ತದೆ. ಕಾರಣ ತಿಳಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಇವತ್ತು ಅವರು ಎಷ್ಟು ಹೊತ್ತಿಗೆ ಬಂದಾರು ಎಂದು ನಾನೇ ಹೇಳತೊಡಗಿದೆ. ಸರಿಹೋದಾಗ ನನ್ನ ಗಣಿತಕ್ಕೆ ಅಜ್ಜಿ ನೂರಕ್ಕೆ ನೂರು ಕೊಡುತ್ತಾರೆ.

ಊರ ದೇವಸ್ಥಾನದ ಹಬ್ಬಕ್ಕೆ ವಂತಿಗೆ ಕೊಡುವಾಗ ದೊಡ್ಡ ಮೊತ್ತ ಬರೆಸಬೇಡಿ. ಉಳಿದವರು ಎಷ್ಟು ಕೊಡುತ್ತಾರೋ ಅಷ್ಟೇ ಕೊಟ್ಟು, ಚಪ್ಪರ ಹಾಕುವ ದಿನ ಹೋಗಿ ನಿಲ್ಲುವುದು ಒಳ್ಳೆಯದು. ದುಡ್ಡಿನವರು ಎಂಬ ಹೆಸರು ಬಂದರೆ ಆಮೇಲೆ ತೆಂಗಿನಕಾಯಿ ಕೊಯ್ಯುವವನ ಕೂಲಿಯಿಂದ ಹಿಡಿದು ಎಲ್ಲಕ್ಕೂ ಬೇರೆಯೇ ದರ.

ವಯಸ್ಸಾದವರು ಯೋಚಿಸಬೇಕಾದ ಸಂಗತಿ ಆಸ್ಪತ್ರೆ ಮತ್ತು ರಸ್ತೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ ಕೂಗುತ್ತಲೇ ಇದ್ದಾರೆ; ದೊಡ್ಡ ಕಾಯಿಲೆಗೆ ಇಂದಿಗೂ ಮಣಿಪಾಲ, ಗೋವಾ, ಇಲ್ಲವೇ ಹುಬ್ಬಳ್ಳಿ. ಹುಬ್ಬಳ್ಳಿಗೆ ಎರಡು ದಾರಿ: ಅಂಕೋಲೆಗೆ ಹೋಗಿ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ, ಅಥವಾ ದೇವಿಮನೆ ಘಟ್ಟ ಹತ್ತಿ ಶಿರಸಿಯ ಮೇಲೆ. ಜುಲೈನಲ್ಲಿ ಎರಡನ್ನೂ ಪೂರ್ತಿ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ಅನೇಕ ದಿನ ಮುಚ್ಚಿತ್ತು. ಹಾಗಾಗಿ ಮೇ ತಿಂಗಳಲ್ಲೇ ಒಮ್ಮೆ ಹುಬ್ಬಳ್ಳಿಗೆ ಹೋಗಿ ತಪಾಸಣೆ ಮುಗಿಸಿ, ಗಣೇಶ ಚೌತಿಯವರೆಗೆ ಸಾಕಾಗುವಷ್ಟು ಮಾತ್ರೆ ತಂದಿಡುತ್ತೇವೆ.

ಮಾಳಮಡ್ಡಿಯ ಮನೆಯನ್ನು ಮಾರಿಲ್ಲ. ಬಾಡಿಗೆಗೆ ಕೊಟ್ಟು ಹಿತ್ತಲ ಕಡೆಯ ಒಂದು ಕೋಣೆಯನ್ನು ನಮಗೆಂದೇ ಇಟ್ಟುಕೊಂಡಿದ್ದೇವೆ. ಬಾವಿಯಿಂದ ನೀರು ಸೇದಲು ಆಗದ ದಿನ ಬಂದರೆ ಘಟ್ಟ ಹತ್ತಿಬಿಡುವುದೆಂದು ಇಬ್ಬರೂ ಒಪ್ಪಿದ್ದೇವೆ. ಮೋಟರಿನಲ್ಲಿ ಎತ್ತಿದ ನೀರೂ ಸೇದಿದ್ದೇ ಎಂಬುದು ನನ್ನ ವಾದ. ನನ್ನ ಹೆಂಡತಿ ಅದನ್ನು ಇನ್ನೂ ಒಪ್ಪಿಲ್ಲ.