ಹಳೇ ಕಲ್ಲಿನ ಕೊಟ್ಟಿಗೆ ಮನೆಯಾಗುವ ಮುನ್ನ

ಒಂದೆರಡು ಶತಮಾನ ಕಂಡ ಕಲ್ಲಿನ ಕೊಟ್ಟಿಗೆಯೋ ಒಕ್ಕಣೆ ಮನೆಯೋ ಕೈಗೆ ಬಂದಾಗ ಬಹಳ ಜನ ಮೊದಲು ಕೇಳುವುದು, ‘ಕಿಟಕಿ ಎಲ್ಲಿ ಒಡೆಸೋಣ?’ ಎಂದು. ಆ ಪ್ರಶ್ನೆಯನ್ನು ಕೊನೆಗಿಡಿ. ಅಲ್ಲಿರುವ ಒಂದೊಂದು ಕಿಂಡಿಗೂ ಒಂದು ಕೆಲಸವಿತ್ತು. ಅದು ತಿಳಿದರೆ ಹೊಸದಾಗಿ ಒಡೆಯಬೇಕಾದ್ದು ತೀರಾ ಕಡಿಮೆ.

ಮೊದಲು ಗೋಡೆ ಓದಿ

ಇಂಗ್ಲೆಂಡಿನ ಹಳೆಯ ಒಕ್ಕಣೆ ಮನೆಗಳನ್ನೇ ನೋಡಿ. ಉದ್ದನೆಯ ಎರಡು ಗೋಡೆಗಳಲ್ಲಿ ಎದುರುಬದುರಾಗಿ ಬಾಗಿಲುಗಳು. ನಡುವಿನ ನೆಲದಲ್ಲಿ ತೆನೆ ಬಡಿದು, ಎರಡೂ ಬಾಗಿಲು ತೆರೆದು, ಹಾದುಹೋಗುವ ಗಾಳಿಗೆ ತೂರುತ್ತಿದ್ದರು. ಜೊಳ್ಳು ಹಾರಿ ಕಾಳು ಉಳಿಯುತ್ತಿತ್ತು. ಸೀಳುಕಿಂಡಿಗಳು ಹೊರಗೆ ಕಿರಿದು, ಒಳಗೆ ಅಗಲ. ಮಳೆಗೆ ತಡೆ, ಗಾಳಿಗೆ ದಾರಿ. ತ್ರಿಕೋನ ಗೋಡೆಯ ನೆತ್ತಿಯಲ್ಲಿರುವ ತೂತು ಗೂಬೆಗಾಗಿ ಬಿಟ್ಟದ್ದು, ಅದು ಇಲಿ ಹಿಡಿಯಲಿ ಎಂದು. ಬಾಗಿಲ ಬುಡದ ಕಲ್ಲಿನಲ್ಲಿ ನೆಟ್ಟಗೆ ತೋಡು ಕಂಡರೆ ಬೆರಳಿಟ್ಟು ನೋಡಿ: ಕಾಳು ಹೊರಗೆ ಸಿಡಿಯದಂತೆ ಅಡ್ಡ ಹಲಗೆ ಇಳಿಸುತ್ತಿದ್ದ ಜಾಗ ಅದು. ಕೊಟ್ಟಿಗೆಯ ಮೂಲೆಗಲ್ಲು ಸೊಂಟದೆತ್ತರದಲ್ಲಿ ನುಣುಪಾಗಿದ್ದರೆ ದನಗಳು ಮೈ ಉಜ್ಜಿರಬೇಕು. ಇವನ್ನೆಲ್ಲ ಫೋಟೊ ತೆಗೆದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.

ಅನುಮತಿಯನ್ನೂ ಈಗಲೇ ವಿಚಾರಿಸಿ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಯ ಕಟ್ಟಡದ ಸ್ವರೂಪವನ್ನು ಒಪ್ಪಿಗೆಯಿಲ್ಲದೆ ಬದಲಿಸುವುದು 1990ರ ಕಾಯ್ದೆಯಡಿ ಅಪರಾಧ. ಬಾವಲಿಯೋ ಕಣಜ ಗೂಬೆಯೋ ವಾಸವಿದ್ದರೆ 1981ರ ವನ್ಯಜೀವಿ ಕಾಯ್ದೆಯೂ ಬರುತ್ತದೆ.

ಸಿಮೆಂಟ್ ಬೇಡ, ಸುಣ್ಣ ಸಾಕು

ಇಂಥ ಗೋಡೆ ಸಾಮಾನ್ಯವಾಗಿ ಒಂದಲ್ಲ, ಎರಡು. ಒಳಗೊಂದು ಹೊರಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಗಾರೆ. ಅಲ್ಲಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಹಾಯುವ ಉದ್ದಗಲ್ಲುಗಳು ಎರಡನ್ನೂ ಹಿಡಿದಿಡುತ್ತವೆ. ಅವನ್ನು ಕೀಳಲೇಬೇಡಿ. ಗೋಡೆ ಮಳೆನೀರು ಕುಡಿಯುತ್ತದೆ, ಬಿಸಿಲು ಬಂದಾಗ ಮೆದುವಾದ ಸುಣ್ಣದ ಸಂದುಗಳ ಮೂಲಕ ಅದನ್ನು ಬಿಡುತ್ತದೆ.

ಇಂಗ್ಲೆಂಡಿನ ಗಾರೆ ಕೆಲಸಗಾರ ಜೋಸೆಫ್ ಆಸ್ಪ್ಡಿನ್, ಇಂದಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೂ ಹಿಂದೆ ಎದ್ದ ಗೋಡೆಗಳಿಗೆ ಅದರ ಗಡಸುತನ ಹೊಂದುವುದಿಲ್ಲ. ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಉಪ್ಪು ಮತ್ತು ಹಿಮ ಕಲ್ಲಿನ ಮುಖವನ್ನು ಪದರ ಪದರವಾಗಿ ಉದುರಿಸುತ್ತವೆ. ಕೆಲವು ವರ್ಷಗಳ ನಂತರ ಸಿಮೆಂಟ್ ಮಾತ್ರ ಜೇನುಗೂಡಿನ ಅಂಚಿನಂತೆ ಎದ್ದು ನಿಂತು, ಕಲ್ಲು ಒಳಗೆ ಕುಳಿಯಾಗಿರುತ್ತದೆ. ನೋಡಲು ಸಂಕಟವಾಗುತ್ತದೆ, ಏಕೆಂದರೆ ಹಾಗೆ ಹೋದ ಕಲ್ಲು ಮತ್ತೆ ಬರುವುದಿಲ್ಲ.

ಸಡಿಲವಾದ ಗಾರೆಯನ್ನು ಉಳಿ-ಸುತ್ತಿಗೆಯಿಂದ ತೆಗೆಯಿರಿ. ಕಟಿಂಗ್ ಮೆಷಿನ್ ಹಿಡಿದರೆ ಕಲ್ಲಿನ ಅಂಚು ಕತ್ತರಿಸಿಹೋಗುತ್ತದೆ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಹೋಗಿ, ಧೂಳು ತೊಳೆದು, ಗೋಡೆಯನ್ನು ನೆನೆಸಿ. ನೆನೆಸಿಟ್ಟ ಸುಣ್ಣದ ಮುದ್ದೆ 1 ಪಾಲು, ಒರಟು ಮರಳು 3 ಪಾಲು ಕಲಸಿ, ಸಂದಿಗೆ ಒತ್ತಿ ತುಂಬಿ. ಗಾರೆ ಕಲ್ಲಿನ ಮೇಲೆ ಹರಡಬಾರದು. ಸ್ವಲ್ಪ ಬಿಗಿಯಾದ ಮೇಲೆ ಗಡಸು ಬ್ರಷ್‌ನಿಂದ ತಟ್ಟಿ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುವುದರಿಂದ ಕೆಲವು ದಿನ ಒದ್ದೆ ಗೋಣಿತಾಟು ಹೊದಿಸಿಡಿ. ಹಿಮ ಬೀಳುವ ಕಾಲದಲ್ಲಂತೂ ಈ ಕೆಲಸ ಬೇಡ.

ನೆಲ ಅಗೆಯುವಾಗ ಎಚ್ಚರ. ಇಂಥ ಕಟ್ಟಡಗಳ ಅಡಿಪಾಯ ತೀರಾ ಮೇಲಿರುವುದುಂಟು. ಒಳಗೆ ಎತ್ತರ ಸಿಗಲೆಂದು ಅದಕ್ಕಿಂತ ಕೆಳಗೆ ಅಗೆದರೆ ಗೋಡೆಯೇ ಜಾರಬಹುದು. ಮೊದಲು ಬುಡದಲ್ಲಿ ಸಣ್ಣ ಗುಂಡಿ ತೋಡಿ ನೋಡಿ. ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಸುರಿದರೆ ನೆಲದ ತೇವ ಗೋಡೆ ಹತ್ತುತ್ತದೆ, ಸುಣ್ಣದ ಕಾಂಕ್ರೀಟ್ ಒಳ್ಳೆಯದು.

ಇನ್ನು ಕಿಟಕಿ

ಬೆಳಕಿಗೆ ಆ ಎರಡು ದೊಡ್ಡ ಬಾಗಿಲುಗಳೇ ಸಾಕು. ಗಾಜಿನ ಚೌಕಟ್ಟನ್ನು ಗೋಡೆಯ ಹೊರಮುಖಕ್ಕೆ ತಾಗಿಸದೆ ಒಳಕ್ಕೆ ಸರಿಸಿ ಕೂರಿಸಿ. ಸೀಳುಕಿಂಡಿಗಳನ್ನು ಅಗಲಿಸದೆ, ಒಳಗಿನಿಂದ ಗಾಜು ಹಾಕಿ. ಅಟ್ಟ ಬೇಕಿದ್ದರೆ ಒಂದು ತುದಿಗೆ ಮಾತ್ರ. ಬಾಗಿಲುಗಳ ನಡುವಿನ ಅಂಕಣ ನೆಲದಿಂದ ತೊಲೆಯವರೆಗೆ ಖಾಲಿ ಇರಲಿ. ನನ್ನ ಪ್ರಕಾರ ಇಡೀ ಕಟ್ಟಡದ ಜೀವ ಆ ಖಾಲಿ ಜಾಗದಲ್ಲಿದೆ. ಹಳೆಯ ಹಲಗೆ ಬಾಗಿಲುಗಳನ್ನು ಮಾರಬೇಡಿ. ಅದೇ ತಿರುಗಣಿಗೆ ತೂಗುಹಾಕಿ; ಹಗಲು ತೆರೆದು, ರಾತ್ರಿ ಗಾಜಿನ ಮೇಲೆ ಮುಚ್ಚಿಕೊಳ್ಳಬಹುದು.